ಹೆಸರು ಕೇಳದ ಊರಿಗೆ ಹೋಗಿ ಬಂದೆ

ರೋಣ ಬಸ್‌ಸ್ಟ್ಯಾಂಡಿನ ಎದುರಿನಿಂದ

ನನ್ನನ್ನು ಪರದೇಶಕ್ಕೆ ಕರೆಸಿಕೊಂಡವರು ಯಾರು ಎಂದು ನನಗೆ ಈಗಲೂ ಪೂರ್ತಿ ಗೊತ್ತಿಲ್ಲ. ಅವರಲ್ಲಿ ಅರ್ಧಕ್ಕರ್ಧ ಮಂದಿ ತಮ್ಮ ಖರೇ ಹೆಸರು ಹೇಳುವುದಿಲ್ಲ. ಒಬ್ಬ ತನ್ನನ್ನು ‘ನರಿ’ ಎಂದು ಕರೆದುಕೊಳ್ಳುತ್ತಾನೆ. ಇನ್ನೊಬ್ಬಳ ಹೆಸರು ‘ಮಂಗಳವಾರ’. ನನ್ನ ಹೆಸರು ಮಾತ್ರ ಅವರೆಲ್ಲರಿಗೂ ಗೊತ್ತು. ಏಕೆಂದರೆ ನಾನು ಬರೆದ ಮೊದಲ ಮೇಲ್‌ನಲ್ಲೇ ನನ್ನ ಹೆಸರು, ತವರೂರು, ಅಂಗಡಿ ಎಲ್ಲಿದೆ, ಅದರ ಎದುರಿಗೆ ಏನಿದೆ, ಪಕ್ಕದ ಚಹಾದಂಗಡಿಯವನು ನಮಗೆ ಹೇಗೆ ಸಂಬಂಧ ಎಂಬುದನ್ನೆಲ್ಲ ಹೇಳಿಬಿಟ್ಟಿದ್ದೆ.

ನಿಮಗೂ ಹೇಳುತ್ತೇನೆ. ನಾನು ನೀಲವ್ವ. ತವರು ಅಬ್ಬಿಗೇರಿ, ಕೊಟ್ಟ ಮನೆ ರೋಣ. ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ ಮಾಡಿಕೊಡುವುದು ಮುಖ್ಯ ಕಸುಬು. ಲಗ್ನಪತ್ರಿಕೆ ಎಂದರೆ ಹೆಸರುಗಳ ಸಂತೆ. ಮುತ್ತಜ್ಜನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಎಲ್ಲರ ಹೆಸರೂ ಬೇಕು. ಒಬ್ಬ ಸೋದರಮಾವ ಬಿಟ್ಟುಹೋದರೆ ಮದುವೆ ಮನೆಯ ಜಗಳ ನೇರ ನನ್ನ ಕೌಂಟರಿಗೆ ಬರುತ್ತದೆ. ಹೀಗಾಗಿ ನಮ್ಮ ಮೂರು ತಾಲೂಕಿನಲ್ಲಿ ಯಾರು ಯಾರ ಪೈಕಿ ಎಂಬುದು ನನಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ ಎಂಬ ಜಂಬ ನನಗಿದೆ. ಇರಬೇಕಾದ್ದೇ.

ಅಂಥವಳು ಹೆಸರು ಮುಚ್ಚಿಡುವ ಕೆಲಸಕ್ಕೆ ಬಿದ್ದದ್ದು ಸುಮಂಗಲಾ ಡಾಕ್ಟರರಿಂದ. ಅವರ ದವಾಖಾನೆ ನಮ್ಮ ಹಿಂದಿನ ಓಣಿಯಲ್ಲಿದೆ. ಹೆಣ್ಣುಮಕ್ಕಳು ಅತ್ತೆಯನ್ನೋ ಗಂಡನನ್ನೋ ಜೊತೆಗೆ ಕಟ್ಟಿಕೊಂಡು ಬಂದು ‘ತಲಿನೋವ್ರಿ’ ಎನ್ನುತ್ತಾರೆ, ಗುಳಿಗೆ ಇಸಿದುಕೊಂಡು ಹೋಗುತ್ತಾರೆ, ಇರುವ ನೋವು ಹೊಟ್ಟೆಯೊಳಗೇ ಉಳಿಯುತ್ತದೆ. ಮನೆಗೊಂದು ಫೋನು ಇರುತ್ತದೆ. ಅದನ್ನು ಗಂಡ, ಮೈದುನ, ಮಾವ ಎಲ್ಲರೂ ತಿರುವಿಹಾಕುತ್ತಾರೆ. ನನ್ನ ಅಂಗಡಿಯ ಕಂಪ್ಯೂಟರಿನಲ್ಲಿ ಏನೋ ಹುಡುಕಿದ ಹುಡುಗಿಯರು ಏಳುವಾಗ ‘ಅಕ್ಕಾ, ನಾ ನೋಡಿದ್ದನ್ನ ಅಳಿಸಿಬಿಡ್ರಿ’ ಎನ್ನುತ್ತಿದ್ದರು. ನಾನು ಅಳಿಸಿದರೂ ಅವರ ಮುಖದ ಅಂಜಿಕೆ ಹೋಗುತ್ತಿರಲಿಲ್ಲ.

ಡಾಕ್ಟರರು ಒಂದು ಸಾಫ್ಟ್‌ವೇರ್ ಹುಡುಕಿ ತಂದರು. ಅದರಲ್ಲಿ ಪ್ರಶ್ನೆ ಬರೆದರೆ ಡಾಕ್ಟರರಿಂದ ಉತ್ತರ ಬರುತ್ತದೆ, ಬರೆದವರು ಯಾರೆಂದು ಮಾತ್ರ ಯಾರಿಗೂ ತಿಳಿಯುವುದಿಲ್ಲ, ಫೋನಿನಲ್ಲಿ ಗುರುತೂ ಉಳಿಯುವುದಿಲ್ಲ ಎಂದರು. ನನಗೆ ನಂಬಿಕೆ ಬರಲಿಲ್ಲ. ಅದು ಕೆಲಸ ಮಾಡುವ ರೀತಿಯನ್ನು ಅವರು ಬಿಡಿಸಿ ಹೇಳಿದಾಗ ನಾನು, ‘ಇದು ನಮ್ಮ ಬುತ್ತಿ ಡಬ್ಬಿ ಅಲ್ಲೇನ್ರಿ!’ ಎಂದೆ.

ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪುರ್ತಗೇರಿಯ ತಾಯಿ ಗದಗಿನಲ್ಲಿ ಓದುವ ಮಗಳಿಗೆ ಬೆಳಿಗ್ಗೆ ಬುತ್ತಿ ಕಟ್ಟಿ ಗಜೇಂದ್ರಗಡದ ಬಸ್ಸಿಗೆ ಇಡುತ್ತಾಳೆ. ಅಲ್ಲಿಂದ ಇನ್ನೊಂದು ಬಸ್ಸು ರೋಣಕ್ಕೆ ತರುತ್ತದೆ, ರೋಣದಲ್ಲಿ ನನ್ನ ಕೌಂಟರಿನ ಮೇಲೆ ಡಬ್ಬಿ ಕೂರುತ್ತದೆ, ಗದಗಿನ ಬಸ್ಸಿನವನು ಎತ್ತಿಕೊಂಡು ಹೋಗುತ್ತಾನೆ. ಮೊದಲ ಕಂಡಕ್ಟರಿಗೆ ಕಟ್ಟಿದವಳು ಗೊತ್ತು, ಉಣ್ಣುವವಳು ಗೊತ್ತಿಲ್ಲ. ಕೊನೆಯವನಿಗೆ ಉಣ್ಣುವವಳು ಗೊತ್ತು, ಕಟ್ಟಿದವಳು ಗೊತ್ತಿಲ್ಲ. ನಡುವಿನವರಿಗೆ ಎರಡೂ ಗೊತ್ತಿಲ್ಲ. ಈ ಸಾಫ್ಟ್‌ವೇರ್ ಕೂಡ ನಮ್ಮ ಮಾತನ್ನು ಒಂದರ ಮೇಲೊಂದು ಬಟ್ಟೆ ಸುತ್ತಿ, ಜಗತ್ತಿನ ಬೇರೆ ಬೇರೆ ಕಡೆ ಪುಕ್ಕಟೆ ಸೇವೆಗೆ ಇಟ್ಟ ಕಂಪ್ಯೂಟರುಗಳ ಕೈಯಿಂದ ಕೈಗೆ ದಾಟಿಸುತ್ತದೆ. ಪ್ರತಿಯೊಂದು ಕೈ ಒಂದೇ ಸುತ್ತು ಬಿಚ್ಚುತ್ತದೆ, ಮುಂದಿನ ಕೈ ಯಾವುದೆಂದು ಅಷ್ಟೇ ನೋಡುತ್ತದೆ.

ಇಂಗ್ಲಿಷಿನಲ್ಲಿದ್ದ ಅದನ್ನು ಕನ್ನಡಕ್ಕೆ ತಂದವಳು ನಾನು. ಸಾಲುಸಾಲಾಗಿ, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕೂತು ತಂದೆ. ಅದನ್ನು ಕಟ್ಟುವ ಸ್ವಯಂಸೇವಕರು ಎಸ್ಟೋನಿಯಾ ದೇಶದ ತಾಲ್ಲಿನ್ ಎಂಬ ಊರಿನಲ್ಲಿ ಸೇರುವವರಿದ್ದರು. ಹೊಸ ಆವೃತ್ತಿಯಲ್ಲಿ ಯಾವ ಯಾವ ಭಾಷೆ ಇರಬೇಕೆಂದು ಅಲ್ಲೇ ತೀರ್ಮಾನ. ಟಿಕೀಟು ಅವರೇ ಕಳಿಸಿದರು. ಕನ್ನಡ ಒಳಗೆ ಹೋದರೆ ನಮ್ಮ ಯಾವ ಹೆಣ್ಣುಮಗಳ ಫೋನಿನಲ್ಲಾದರೂ ಅದು ಕನ್ನಡದಲ್ಲೇ ತೆರೆದುಕೊಳ್ಳುತ್ತದೆ. ಹೋಗದಿದ್ದರೆ ಇಂಗ್ಲಿಷೇ ಗತಿ, ಅಂದರೆ ಇದ್ದೂ ಇಲ್ಲದ ಹಾಗೆ.

ಹೊರಡುವ ದಿನ ಡಾಕ್ಟರರು ಬಸ್ಸಿನ ಕಿಟಕಿಯ ಹತ್ತಿರ ನಿಂತು, ‘ನೀಲವ್ವಾ, ಕನ್ನಡ ಒಳಗ ಹಾಕಿಸದನ ಈ ಕಡೆ ಮುಖಾ ಮಾಡಬ್ಯಾಡ ನೋಡು,’ ಎಂದರು. ನಗುತ್ತಲೇ ಹೇಳಿದರು, ಆದರೆ ಕಣ್ಣು ನಗುತ್ತಿರಲಿಲ್ಲ.

ಆಕಾಶದಲ್ಲಿ

ಕಟಕ ರೊಟ್ಟಿಯ ಗಂಟು ವಿಮಾನ ನಿಲ್ದಾಣದ ಯಂತ್ರದೊಳಗೆ ಎರಡೆರಡು ಸಲ ಹೋಗಿ ಬಂತು. ಪರದೆಯ ಮೇಲೆ ಅದು ಏನಾಗಿ ಕಂಡಿತೋ, ಒಬ್ಬ ಅಧಿಕಾರಿ ಬಿಚ್ಚಿಸಿದ. ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಡಬ್ಬಿ ತೆರೆದು ಮೂಗು ಹತ್ತಿರ ಒಯ್ದ, ಒಯ್ದವನು ಸೀನಿದ, ಸೀನಿದ ರಭಸಕ್ಕೆ ಹಿಂಡಿ ಹಾರಿ ಅವನ ಬಿಳಿ ಅಂಗಿಯ ಮೇಲೆ ಕೂತಿತು. ‘ಝಾಡಿಸ್ಕೋರಿ, ಕಲೆ ಆಗಂಗಿಲ್ಲ,’ ಎಂದು ನಾನು ಸಮಾಧಾನ ಹೇಳಿದೆ. ಮುಂದಿನ ಚೀಲ ನೋಡುವ ಉಮೇದು ಅವನಲ್ಲಿ ಉಳಿದಿರಲಿಲ್ಲ.

ವಿಮಾನದಲ್ಲಿ ಪಕ್ಕಕ್ಕೆ ಕೂತವರು ಯಾರು ಎಂದು ತಿಳಿದುಕೊಳ್ಳದೆ ಅಷ್ಟು ದೂರ ಹೋಗುವುದು ಹೇಗೆ? ನನ್ನ ಲಗ್ನಪತ್ರಿಕೆ ಇಂಗ್ಲಿಷಿನಲ್ಲಿ, ಯಾವೂರು, ಎಷ್ಟು ಮಕ್ಕಳು ಎಂದು ಕೇಳಿದೆ. ಆ ಮನುಷ್ಯ ಸಭ್ಯವಾಗಿ ನಕ್ಕು, ಕಿವಿಗೆ ಬುರುಡೆಯಂಥ ದೊಡ್ಡ ಹೆಡ್‌ಫೋನು ಸಿಗಿಸಿಕೊಂಡು ಕಣ್ಣು ಮುಚ್ಚಿದ. ನಾನೇನು ಅವನ ಹೊಲ ಬರೆಸಿಕೊಳ್ಳುತ್ತಿದ್ದೆನೆ? ಸಿಟ್ಟಿಗೆ ನನ್ನ ಪಾಲಿನ ಊಟದ ಜೊತೆಗೆ ಎರಡು ರೊಟ್ಟಿಯನ್ನೂ ಕಟಕಟ ಸಪ್ಪಳ ಮಾಡಿ ತಿಂದೆ.

ತಾಲ್ಲಿನ್: ಟ್ರಾಮಿನ ನಿಲ್ದಾಣ

ಊರೇನೋ ಬಲು ಚಂದ. ಕಲ್ಲಿನ ಕೋಟೆ, ಕೆಂಪು ಹಂಚಿನ ಟೋಪಿ ಹಾಕಿಕೊಂಡ ಬುರುಜುಗಳು, ಕೆಳಗೆ ತಣ್ಣಗೆ ಬಿದ್ದುಕೊಂಡ ಸಮುದ್ರ. ಗಜೇಂದ್ರಗಡದ ಗುಡ್ಡ ಹತ್ತಿ ಕೋಟೆ ನೋಡಿದವಳಿಗೆ ಕೋಟೆ ಹೊಸದಲ್ಲ, ಆದರೆ ಇಲ್ಲಿಯ ಕೋಟೆಯೊಳಗೆ ಜನ ಈಗಲೂ ಕಾಫಿ ಕುಡಿಯುತ್ತ ಕೂತಿರುತ್ತಾರೆ. ಬೀದಿಗೆ ಗುಂಡುಗಲ್ಲು ಹಾಸಿದ್ದಾರೆ. ಇಳಕಲ್ ಸೀರೆಯ ನೆರಿಗೆ ಎತ್ತಿ ಹಿಡಿದು ಆ ಕಲ್ಲುಗಳ ಮೇಲೆ ನಾನು ನಡೆದದ್ದನ್ನು ನಮ್ಮ ಓಣಿಯವರು ನೋಡಿದ್ದರೆ ವರ್ಷಗಟ್ಟಲೆ ಆಡಿಕೊಳ್ಳುತ್ತಿದ್ದರು.

ಜೂನ್ ತಿಂಗಳು. ರಾತ್ರಿ ಊಟಕ್ಕೆ ಕೂತರೂ ಕಿಟಕಿಯಲ್ಲಿ ಬಿಸಿಲು. ಹೊತ್ತು ಮುಳುಗಲಿ, ದೇವರಿಗೆ ದೀಪ ಹಚ್ಚೋಣ ಎಂದು ನಾನು ಕಾದೇ ಕಾದೆ. ಸೂರ್ಯ ಹೋಗಲೊಲ್ಲ. ಕಡೆಗೆ ಪರದೆ ಎಳೆದು ಕತ್ತಲೆ ಮಾಡಿಕೊಂಡು, ಫೋನಿನ ಬೆಳಕಿಗೇ ಕೈಮುಗಿದು ಮಲಗಿದೆ.

ಬೆರಗಾದದ್ದು ಅಲ್ಲಿಯ ಜನರನ್ನು ನೋಡಿ. ಟ್ರಾಮಿನ ನಿಲ್ದಾಣದಲ್ಲಿ ಒಬ್ಬರಿಂದ ಒಬ್ಬರು ಒಂದು ಎತ್ತಿನಗಾಡಿ ಹಾಯುವಷ್ಟು ದೂರ ನಿಲ್ಲುತ್ತಾರೆ. ನಾನು ಹತ್ತಿರ ಹೋದರೆ ಅವರು ಅಷ್ಟೇ ದೂರ ಸರಿಯುತ್ತಾರೆ. ಹಸಿರು ಇಳಕಲ್ ಸೀರೆ ಉಟ್ಟು, ಹಣೆಯ ತುಂಬ ಕುಂಕುಮ ಇಟ್ಟುಕೊಂಡು ನಿಂತವಳನ್ನು ಒಬ್ಬರಾದರೂ ಯಾವೂರು ಎಂದು ಕೇಳಬಾರದೆ? ನಮ್ಮಲ್ಲಿ ಓಣಿಗೆ ಹೊಸ ಎಮ್ಮೆ ಬಂದರೂ ಯಾರದು, ಎಲ್ಲಿಂದ ತಂದಿರಿ ಎಂದು ಕೇಳುತ್ತೇವೆ. ನನಗೆ ಆ ಎಮ್ಮೆಯ ಮರ್ಯಾದೆಯೂ ಸಿಗಲಿಲ್ಲ. ಮೊದಲ ದಿನ ನಿಜವಾಗಿಯೂ ನೊಂದುಕೊಂಡೆ.

ನನಗೆ ಕೋಣೆ ಕೊಟ್ಟಿದ್ದ ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಕೆಯೂ ಹೆಸರು ಕೇಳಲಿಲ್ಲ, ಹೇಳಲೂ ಇಲ್ಲ. ಬೀಗದ ಕೈ ಕೊಟ್ಟಳು, ಬಿಸಿನೀರಿನ ನಲ್ಲಿ ತೋರಿಸಿದಳು, ಮಾಯವಾದಳು. ಸಂಜೆ ಅಂಗಡಿಯಲ್ಲಿ ಮೊಸರಿನ ಚಿತ್ರವಿದ್ದ ಪೊಟ್ಟಣ ಕಂಡು ಹಿಗ್ಗಿ ತಂದೆ. ಅಡಿಗೆಮನೆಯಲ್ಲಿ ಅನ್ನ ಮಾಡಿ, ಅದರ ಮೇಲೆ ಪೊಟ್ಟಣ ಬಿಚ್ಚಿ ಹಿಂಡಿದರೆ ಚಾಕಲೇಟು ಬಳಿದ ಸಿಹಿ ಗಿಣ್ಣಿನ ತುಂಡು ಬಿತ್ತು. ಅನ್ನ ಬಿಸಿ ಇತ್ತು. ಎಲ್ಲ ಕರಗಿ ಕಪ್ಪಗಾಯಿತು. ನೋಡುತ್ತ ನಿಂತಿದ್ದ ಅಜ್ಜಿ ಬಾಯಿಗೆ ಸೆರಗಿಲ್ಲದ್ದರಿಂದ ಕೈಯನ್ನೇ ಅಡ್ಡ ಹಿಡಿದು ನಕ್ಕಳು. ಆಮೇಲೆ ತನ್ನ ಕಪ್ಪು ರೊಟ್ಟಿಯ ಒಂದು ಚೂರು, ಬೆಣ್ಣೆ ತಂದಿಟ್ಟಳು. ನಾನು ನನ್ನ ಜೋಳದ ರೊಟ್ಟಿ, ಗುರೆಳ್ಳ ಹಿಂಡಿ ಕೊಟ್ಟೆ. ಆಕೆ ಮುರಿದು ತಿಂದು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದಕ್ಕೆ ಕೈ ಚಾಚಿದಳು. ಹೆಸರಿಲ್ಲದೆಯೂ ನಾವು ಗೆಳತಿಯರಾಗಿಬಿಟ್ಟೆವು.

ಸಭೆಯ ಮನೆ

ಸಭೆ ಇದ್ದದ್ದು ಸಮುದ್ರದ ದಂಡೆಯ ಹಳೆಯ ಇಟ್ಟಿಗೆ ಕಾರ್ಖಾನೆಯೊಂದರಲ್ಲಿ. ಭಾಷೆಗಳ ಹೊಣೆ ಹೊತ್ತವಳು ಲೀನಾ ಎಂಬ ಎತ್ತರದ ಹೆಂಗಸು. ವಯಸ್ಸು ನನ್ನ ಆಸುಪಾಸು. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಗೋಡೆಯ ಪರದೆಯ ಮೇಲೆ ಒಂದೊಂದು ಭಾಷೆಯ ಎದುರಿಗೆ ಹಸಿರು ಚುಕ್ಕೆ ಇತ್ತು. ಕನ್ನಡದ ಎದುರಿಗೆ ಕೆಂಪು ಚುಕ್ಕೆ.

‘ನನ್ನ ಅನುವಾದ ಮುಗಿದು ಯಾವ ಕಾಲವಾಯಿತು! ಒಂದು ಸಾಲು ಬಿಟ್ಟಿಲ್ಲ,’ ಎಂದೆ. ದನಿ ಸ್ವಲ್ಪ ಏರಿತ್ತು.

‘ಅನುವಾದದ್ದಲ್ಲ ತೊಂದರೆ,’ ಎಂದಳು ಲೀನಾ, ‘ಬಾ, ತೋರಿಸುತ್ತೇನೆ.’

ಹೊರಡುವ ಮೊದಲು ನಾನೇ ನಮ್ಮ ಕಡೆಯ ಹೆಣ್ಣುಮಕ್ಕಳಿಂದ ಪರೀಕ್ಷೆ ಮಾಡಿಸಿದ್ದೆ. ನರಗುಂದದ ಹೊಲಿಗೆ ಕ್ಲಾಸಿನವರು, ಗಜೇಂದ್ರಗಡದ ನೇಕಾರರ ಮನೆಯವರು, ನರೇಗಲ್ಲಿನ ಅಂಗನವಾಡಿ ಅಕ್ಕ ಮತ್ತು ಅವಳ ಬಳಗ. ಏನಾದರೂ ಬರೆದು ಕಳಿಸಿರಿ, ಇದನ್ನು ಕಟ್ಟುವವರು ನೋಡುತ್ತಾರೆ ಎಂದು ಹೇಳಿದ್ದೆ. ಅವರು ಬರೆದದ್ದೆಲ್ಲ ಲೀನಾಳ ಮುಂದೆ ಇತ್ತು. ಅವಳು ತೆರೆದು ತೋರಿಸಿದಳು. ಓದುತ್ತ ಹೋದಂತೆ ನನ್ನ ಏರಿದ ದನಿ ತಾನಾಗಿ ಇಳಿಯಿತು.

‘ನಮಸ್ಕಾರ್ರಿ. ನಾನು ಶಾಂತವ್ವ, ಅಬ್ಬಿಗೇರಿ ಬಸಪ್ಪನ ಮಗಳು, ನರಗುಂದಕ್ಕ ಕೊಟ್ಟಾರ್ರಿ.’ ‘ನಾನು ಹನಮಂತದೇವರ ಗುಡಿ ಹಿಂದಿನ ಮನಿಯಾಕಿ, ಹಸರ ಬಾಗಲಾ ಐತಿ ನೋಡ್ರಿ.’ ‘ನಮ್ಮವ್ವ ಪುರ್ತಗೇರಿಯಾಕಿ, ನಿಮಗ ಗೊತ್ತಿರಬೇಕ.’ ಒಬ್ಬಳಂತೂ ಕೊನೆಗೆ, ‘ಈ ಕಡೆ ಬಂದ್ರ ಮನಿಗೆ ಬರ್ರಿ, ಚಹಾ ಕುಡುದು ಹೋಗೀರಂತ’ ಎಂದು ಬರೆದು ಫೋನ್ ನಂಬರನ್ನೂ ಕೊಟ್ಟಿದ್ದಳು.

‘ಇಲ್ಲಿ ನೂರಾರು ಜನ ಸೇರಿ ಒಬ್ಬ ಹೆಣ್ಣುಮಗಳ ಗುರುತು ಮುಚ್ಚಲು ವರ್ಷಗಟ್ಟಲೆ ದುಡಿದಿದ್ದಾರೆ,’ ಎಂದಳು ಲೀನಾ. ‘ನಿಮ್ಮವರು ಮೊದಲ ಸಾಲಿನಲ್ಲೇ ಬಾಗಿಲಿನ ಬಣ್ಣ ಹೇಳುತ್ತಾರೆ. ನಾಳೆ ಯಾರೋ ಒಬ್ಬಳು ಗಂಡ ಹೊಡೆದದ್ದನ್ನು ಬರೆದು, ಕೆಳಗೆ ಅವನ ವಿಳಾಸವನ್ನೂ ಬರೆದರೆ? ಆ ಮಾತು ತಪ್ಪು ಕೈಗೆ ಸಿಕ್ಕರೆ? ಕನ್ನಡವನ್ನು ಈ ಸಲ ಬಿಡುತ್ತೇವೆ. ಮುಂದಿನ ವರ್ಷ ನೋಡೋಣ.’

‘ಹೆಸರು ಹಾಕಬೇಡಿ ಎಂದು ಬರೆದಿದ್ದೇನಲ್ಲ!’ ಎಂದು ನಾನು ವಾದಿಸಿದೆ. ಬರೆದಿದ್ದೆ, ಖರೇ. ‘ಬಳಕೆದಾರರು ತಮ್ಮ ವೈಯಕ್ತಿಕ ಗುರುತಿನ ಮಾಹಿತಿಯನ್ನು ನಮೂದಿಸತಕ್ಕದ್ದಲ್ಲ.’ ಬರೆದಾಗ ಎಷ್ಟು ಹೆಮ್ಮೆ ಪಟ್ಟಿದ್ದೆ! ಈಗ ಓದಿದರೆ ಕಚೇರಿಯ ಗೋಡೆಯ ಮೇಲಿನ ಬೋರ್ಡಿನ ಹಾಗೆ ಕಂಡಿತು. ಆ ಬೋರ್ಡುಗಳ ಕೆಳಗೆ ನಮ್ಮವರು ಏನೇನು ಮಾಡುತ್ತಾರೆ ಎಂದು ನಿಮಗೂ ಗೊತ್ತು.

ಇನ್ನೊಂದು ವರ್ಷ ಎಂದರೆ ಲೀನಾಳಿಗೆ ಒಂದು ವರ್ಷ ಅಷ್ಟೆ. ಡಾಕ್ಟರರ ಬೆಂಚಿನ ಮೇಲೆ ‘ತಲಿನೋವ್ರಿ’ ಎನ್ನುವವಳಿಗೆ ಅದು ಎಷ್ಟೋ ಏನೋ. ಸಮುದ್ರದ ದಂಡೆಗೆ ಹೋಗಿ ಒಬ್ಬಳೇ ಕೂತೆ. ಲೀನಾಳ ಮೇಲೆ ಸಿಟ್ಟಿತ್ತು, ಶಾಂತವ್ವನ ಮೇಲೆ ಸಿಟ್ಟಿತ್ತು. ಶಾಂತವ್ವನ ತಪ್ಪೇನು? ಯಾರ ಮನೆಯ ಬಾಗಿಲಿಗೆ ಹೋದರೂ ಮೊದಲು ನಾನು ಇಂಥವಳು ಎಂದು ಹೇಳಿ ಒಳಗೆ ಹೋಗು ಎಂದೇ ನಮಗೆ ಕಲಿಸಿದ್ದಾರೆ. ಹೇಳದೆ ಹೋಗುವವರು ಕಳ್ಳರು. ಬುತ್ತಿ ಡಬ್ಬಿಯನ್ನು ಎಷ್ಟೇ ಬಸ್ಸು ದಾಟಿಸಿದರೂ ಅದರ ಮುಚ್ಚಳದ ಮೇಲೆ ಮನೆತನದ ಹೆಸರು ಕೊರೆಸಿಯೇ ಇರುತ್ತೇವೆ. ಇಂಥ ಮಂದಿಗೆ ಹೆಸರು ಹೇಳಬೇಡಿ ಎಂದರೆ ಉಗುಳಬೇಡಿ ಎಂದ ಹಾಗಲ್ಲ, ನಮಸ್ಕಾರ ಮಾಡಬೇಡಿ ಎಂದ ಹಾಗೆ.

ಬಿಸಿ ಕೋಣೆ

ಮರುದಿನ ಸಂಜೆ ಹೆಂಗಸರೆಲ್ಲ ಸೌನಾಕ್ಕೆ ಹೊರಟರು. ಕಟ್ಟಿಗೆಯ ಕೋಣೆಯಲ್ಲಿ ಕಲ್ಲು ಕಾಯಿಸಿ, ಅದರ ಮೇಲೆ ನೀರು ಸುರಿದು, ಆ ಹಬೆಯಲ್ಲಿ ಬೆವರುತ್ತ ಕೂರುವುದು ಅವರಿಗೆ ನಮ್ಮ ಎಣ್ಣೆಸ್ನಾನದಷ್ಟು ಪವಿತ್ರ. ನನ್ನ ಮುಖ ನೋಡಲಾರದೆ ಲೀನಾ ನನ್ನನ್ನೂ ಎಳೆದುಕೊಂಡು ಹೋದಳು. ಬಾಗಿಲು ತೆರೆದರೆ ಒಳಗೆ ಕೂತವರ ಮೈಮೇಲೆ ನೂಲೆಳೆ ಇಲ್ಲ. ಟ್ರಾಮಿನ ನಿಲ್ದಾಣದಲ್ಲಿ ಗಾಡಿ ಹಾಯುವಷ್ಟು ದೂರ ನಿಲ್ಲುವ ಜನ ಇಲ್ಲಿ ಹುಟ್ಟಿದಂತೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತಿದ್ದಾರೆ! ನಾನು ನೈಟಿ ಹಾಕಿಕೊಂಡು, ಅದರ ಮೇಲೆ ಟವೆಲ್ ಹೊದ್ದುಕೊಂಡು ಒಳಗೆ ಹೋದೆ. ಯಾರೂ ಏನೂ ಅನ್ನಲಿಲ್ಲ.

ಮೇಲಿನ ಹಲಗೆಯ ಮೇಲೆ ಬಿಸಿ ಹೆಚ್ಚು, ಹೊಸಬರು ಕೆಳಗೆ ಕೂರಬೇಕು ಎಂದರು. ನಾನು ಸೀದಾ ಮೇಲೆ ಹೋಗಿ ಕೂತೆ. ಏಪ್ರಿಲ್ ತಿಂಗಳಲ್ಲಿ ಕರೆಂಟು ಹೋದಾಗ ತಗಡಿನ ಚಾವಣಿಯ ಕೆಳಗೆ ಲಗ್ನಪತ್ರಿಕೆ ಮಡಚಿದವಳಿಗೆ ಇದೊಂದು ಲೆಕ್ಕವೆ? ಒಬ್ಬೊಬ್ಬರೇ ಕೆಂಪಾಗಿ ಏದುಸಿರು ಬಿಡುತ್ತ ಎದ್ದುಹೋದರು. ಕೊನೆಗೆ ಉಳಿದವರು ನಾನು, ಲೀನಾ ಇಬ್ಬರೇ. ಆ ದೇಶಕ್ಕೆ ಬಂದ ಮೇಲೆ ಮೊದಲ ಸಲ ಗೆದ್ದ ಹಾಗೆನಿಸಿತು.

ಬಿಸಿಗೆ ಲೀನಾಳ ಬಾಯಿಯೂ ಬಿಚ್ಚಿಕೊಂಡಿತು. ‘ನಿನ್ನ ಗಂಡ ಏನು ಮಾಡುತ್ತಾನೆ?’ ಎಂದಳು.

‘ಒಕ್ಕಲುತನ. ಹೆಸರುಕಾಳು, ಕಡಲೆ, ಉಳ್ಳಾಗಡ್ಡಿ.’

‘ಹೆಸರೇನು ಅವನದು?’

‘ನಮ್ಮ ಮನೆಯವರು,’ ಎಂದೆ.

‘ಅದು ಹೆಸರೆ?’

‘ನಮ್ಮ ಸವಿತಾನ ಅಪ್ಪ.’

‘ಹೆಸರು ಕೇಳಿದೆ.’

ನನಗೆ ನಾಚಿಕೆ ಬಂತು. ಮೈಮೇಲೆ ಬಟ್ಟೆಯಿಲ್ಲದೆ ಕೂತವಳ ಎದುರು ನೈಟಿ ಹಾಕಿಕೊಂಡ ನಾನು ನಾಚಿ ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ. ‘ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ಮದುವೆಯಲ್ಲಿ ಬಾಗಿಲು ಅಡ್ಡಗಟ್ಟಿ ಬಹಳ ಕಾಡಿದರೆ ಮಾತ್ರ ಒಡಪು ಕಟ್ಟಿ ಹಾಡಿನ ನಡುವೆ ಒಮ್ಮೆ ಹೇಳುತ್ತೇವೆ. ಈಗಿನ ಹುಡುಗಿಯರು ಫೋನಿನಲ್ಲಿ ಹೆಸರು ಹಿಡಿದೇ ಕರೆಯುತ್ತಾರೆ, ಆದರೆ ಅತ್ತೆಯ ಎದುರಿಗೆ ಅವರ ಬಾಯಿಗೂ ಬೀಗ.’

ಲೀನಾ ನಕ್ಕಳು. ಆಕೆ ಹಾಗೆ ನಗಬಲ್ಲಳು ಎಂದು ನನಗೆ ಗೊತ್ತಿರಲಿಲ್ಲ. ಕಟ್ಟಿಗೆಯ ಗೋಡೆಗೆ ತಲೆ ಒರಗಿಸಿ ನಕ್ಕಳು. ‘ಹಾಗಾದರೆ ನಿಮ್ಮವರಿಗೆ ಒಂದು ಹೆಸರನ್ನು ಜನ್ಮವಿಡೀ ಮುಚ್ಚಿಡುವುದು ಬರುತ್ತದೆ! ಮತ್ತೆ ನಮ್ಮ ಯಂತ್ರಕ್ಕೆ ಮಾತ್ರ ಬಾಗಿಲಿನ ಬಣ್ಣ ಹೇಳುತ್ತೀರಿ?’

ನಾನು ಹಲಗೆಯ ಮೇಲಿಂದ ಇಳಿದೆ. ಇಳಿದೆ ಏನು, ಹಾರಿದೆ. ಅವಳು ಏನಾಯಿತು, ತಲೆ ಸುತ್ತಿತೆ ಎಂದು ಕೂಗುತ್ತಿದ್ದಳು. ತಲೆ ಸುತ್ತಿರಲಿಲ್ಲ, ನೆಟ್ಟಗಾಗಿತ್ತು.

ಗಂಡನ ಹೆಸರು ಹೇಳಬಾರದೆಂಬ ರೂಢಿಯ ಮೇಲೆ ನನಗೆ ಎಂದೂ ಪ್ರೀತಿ ಇರಲಿಲ್ಲ. ಸಂತೆಯಲ್ಲಿ ಅವರು ಮುಂದೆ ಹೋಗಿಬಿಟ್ಟರೆ ‘ಏನ್ರೀ, ಕೇಳ್ಯಾತೇನ್ರೀ’ ಎಂದು ಕೂಗಿ, ಹತ್ತು ಗಂಡಸರು ತಿರುಗಿ ನೋಡಿದ್ದನ್ನು ಅನುಭವಿಸಿದವಳು ನಾನು. ಆದರೆ ಹೆಸರೊಂದು ನಾಲಿಗೆಯ ತುದಿಗೆ ಬಂದರೂ ತಡೆದು, ಮಾತನ್ನು ಬೇರೆ ದಾರಿಯಲ್ಲಿ ಮುಂದಕ್ಕೆ ನಡೆಸುವುದನ್ನು ನಮ್ಮ ಅವ್ವಂದಿರು ನಮಗೆ ಉಣ್ಣಲು ಕಲಿಸಿದ ಹಾಗೆ ಕಲಿಸಿದ್ದಾರೆ. ಗಂಡಂದಿರಿಗೋಸ್ಕರ ಕಲಿತದ್ದನ್ನು ನಮಗೋಸ್ಕರ ಒಮ್ಮೆ ಬಳಸಿದರೆ ಯಾರ ಅಡ್ಡಿ?

ಕೋಣೆಗೆ ಬಂದವಳೇ ಆ ಕಚೇರಿಯ ಬೋರ್ಡನ್ನು ಕಿತ್ತು ಹಾಕಿದೆ. ಇಷ್ಟು ಬರೆದೆ:

‘ಬರ್ರಿ ಅವ್ವಾರ, ಕುಂದರ್ರಿ. ಇಲ್ಲಿ ಯಾರೂ ನಿಮ್ಮ ಹೆಸರ ಕೇಳಂಗಿಲ್ಲ. ಮನಿಯವರ ಹೆಸರ ಹ್ಯಾಂಗ ಬಾಯಾಗ ತರಂಗಿಲ್ಲೋ, ಹಂಗ ಇಲ್ಲಿ ನಿಮ್ಮ ಹೆಸರೂ ತರಬ್ಯಾಡ್ರಿ, ಊರೂ ತರಬ್ಯಾಡ್ರಿ. ಏನ್ ತ್ರಾಸ ಐತಿ, ಅದೊಂದ ಹೇಳ್ರಿ.’

ಲೀನಾ ಅದನ್ನು ಪರೀಕ್ಷೆಯ ಆವೃತ್ತಿಗೆ ಸೇರಿಸಿದಳು. ನಾನು ಡಾಕ್ಟರರಿಗೆ ಫೋನು ಮಾಡಿದೆ. ‘ಹಳೇ ಮಂದಿ ಬ್ಯಾಡ್ರಿ, ಅವ್ರಿಗೆ ನಾ ಹೇಳಿಕೊಟ್ಟೀನಿ. ನಾಳೆ ಮುಂಜಾನಿ ನಿಮ್ಮ ಬೆಂಚಿನ ಮ್ಯಾಲೆ ಕುಂತಾವ್ರಿಗೆ ಕೊಡ್ರಿ. ಹಾಕ್ಕೊಟ್ಟು ಸುಮ್ಮನಾಗ್ರಿ, ಒಂದ್ ಮಾತ ಹೇಳಬ್ಯಾಡ್ರಿ. ಬರೆದದ್ದನ್ನ ಈ ಕಡೆಯವ್ರೂ ಓದ್ತಾರಂತ ಅಷ್ಟ ತಿಳಿಸ್ರಿ.’

‘ಹೆಸರ ಬರದ್ರ?’ ಎಂದರು ಡಾಕ್ಟರರು.

‘ಬರದ್ರ ನಾ ಇಲ್ಲೇ ಈ ಮುದುಕಿ ಮನ್ಯಾಗ ಕಪ್ಪ ರೊಟ್ಟಿ ತಿಂದ್ಕೊಂಡ ಇರ್ತೀನ್ರಿ,’ ಎಂದೆ.

ಕೊನೆಯ ದಿನದ ಸಭೆ

ಮರುದಿನ ಎಲ್ಲರೂ ಅರ್ಧಚಂದ್ರದ ಹಾಗೆ ಕೂತಿದ್ದರು. ಕನ್ನಡದ ಚುಕ್ಕೆ ಇನ್ನೂ ಕೆಂಪಗೇ ಇತ್ತು. ರೋಣದಲ್ಲಿ ಆಗಲೇ ಮಧ್ಯಾಹ್ನ. ಬೆಳಗಿನಿಂದ ಬಂದದ್ದನ್ನೆಲ್ಲ ಲೀನಾ ಪರದೆಯ ಮೇಲೆ ಬಿಟ್ಟಳು. ನಾನು ಒಂದೊಂದನ್ನೇ ಗಟ್ಟಿಯಾಗಿ ಓದಿ, ಇಂಗ್ಲಿಷಿನಲ್ಲಿ ಅರ್ಥ ಹೇಳಬೇಕು.

‘ನಮಸ್ಕಾರ್ರಿ. ನಾ ಯಾರಂತ ಹೇಳಂಗಿಲ್ಲ. ನಮ್ಮ ಕಡೆ ಮಳಿ ಚಲೋ ಆಗೇತಿ.’

ಮೊದಲನೆಯದು ದಾಟಿತು. ಎರಡನೆಯದಕ್ಕೆ ಕಣ್ಣು ಹಾಯಿಸಿದೆ.

‘ಮಂಡಿ ಹಿಡಕೊಂಡಾವು. ಯಾರ ಮಂಡಿ ಅಂತ ಕೇಳಬ್ಯಾಡ್ರಿ.’

ಸಭೆಯಲ್ಲಿ ಸಣ್ಣಗೆ ನಗು ಎದ್ದಿತು.

‘ನಾ ಯಾವೂರಾಕಿ ಅಂದ್ರ... ಊಂಹೂಂ. ಭಾಳ ಶಾಣ್ಯಾ ಅದೀರಿ.’

ಈಗ ‘ನರಿ’ ಎಂಬವನು ಮೇಜು ಬಡಿದು ನಕ್ಕ. ನಾನು ಓದುತ್ತ ಹೋದೆ. ನನ್ನ ದನಿ ತಾನಾಗಿ ದೊಡ್ಡದಾಗುತ್ತಿತ್ತು. ಒಂದರಲ್ಲೂ ಹೆಸರಿಲ್ಲ. ಒಂದರಲ್ಲೂ ಊರಿಲ್ಲ. ಹಿಂದಿನ ಸಲ ಬಾಗಿಲಿನ ಬಣ್ಣ ಹೇಳಿದ ನಾಡಿನಿಂದ ಈ ಸಲ ಓಣಿಯ ಹೆಸರೂ ಹೊರಗೆ ಬಿದ್ದಿರಲಿಲ್ಲ. ಕೊನೆಯದು ಹೀಗಿತ್ತು: ‘ನನ್ನ ಹೆಸರ ಹೇಳಂಗಿಲ್ಲ. ಬೇಕಾದ್ರ ನಮ್ಮ ನೆಗೆಣ್ಣಿ ಹೆಸರ ಹೇಳ್ತಿದ್ದೆ, ಆದ್ರ ಅದೂ ಬ್ಯಾಡ ಬಿಡ್ರಿ, ಪಾಪ.’

ನೆಗೆಣ್ಣಿ ಎಂದರೆ ಗಂಡನ ಅಣ್ಣತಮ್ಮಂದಿರ ಹೆಂಡತಿ, ನಮ್ಮಲ್ಲಿ ಅವಳನ್ನು ಬಿಟ್ಟುಕೊಡದಿರುವುದು ಎಂದರೆ ಸಾಧಾರಣ ಮಾತಲ್ಲ ಎಂದು ಆ ಸಭೆಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೇ ನಗು ತಡೆಯಲಾಗಲಿಲ್ಲ.

‘ಇದು ಪುಸ್ತಕದ ಭಾಷೆಯಲ್ಲವಲ್ಲ,’ ಎಂದು ‘ಮಂಗಳವಾರ’ ಎಂಬಾಕೆ ಕೇಳಿದಳು, ‘ನಿಮ್ಮ ರಾಜ್ಯದ ಬೇರೆ ಕಡೆಯವರಿಗೆ ತಿಳಿಯುತ್ತದೆಯೆ?’

‘ತಿಳಿಯುತ್ತದೆ,’ ಎಂದೆ. ‘ಮೈಸೂರು ಕಡೆಯವರು ಓದಿ ನಗುತ್ತಾರೆ. ನಕ್ಕವರು ಮರೆಯುವುದಿಲ್ಲ.’

ಲೀನಾ ಎದ್ದು ಕಂಪ್ಯೂಟರಿನ ಹತ್ತಿರ ಹೋದಳು. ಕೆಂಪು ಚುಕ್ಕೆ ಹಸಿರಾಯಿತು. ನಮ್ಮ ಭಾಷೆಯ ಹೆಸರು, ನಮ್ಮ ದುಂಡನೆಯ ಅಕ್ಷರಗಳಲ್ಲಿ, ಆ ಸಾಲಿನಲ್ಲಿ ಹೋಗಿ ಕೂತಿತು. ನಾನು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಗಿಸಿ ಚಪ್ಪಾಳೆ ತಟ್ಟಿದೆ. ನನಗೆ ನಾನೇ ತಟ್ಟಿಕೊಂಡೆ ಎಂದು ತಿಳಿದರೆ ತಿಳಿಯಲಿ. ಆಮೇಲೆ ಎಲ್ಲರೂ ತಟ್ಟಿದರು. ಪ್ರತಿ ಭಾಷೆಯ ಮೊದಲ ಸಾಲನ್ನು ಆಯಾ ನಾಡಿನವರೇ ತಮ್ಮ ಮನೆಯ ಮಾತಿನಲ್ಲಿ ಮತ್ತೆ ಬರೆಯಬೇಕು ಎಂದೂ ಅಲ್ಲೇ ತೀರ್ಮಾನವಾಯಿತು. ಜಾರ್ಜಿಯಾ ದೇಶದ ಹುಡುಗಿಯೊಬ್ಬಳು ಆಗಲೇ ತನ್ನ ಅಜ್ಜಿಗೆ ಫೋನು ಹಚ್ಚಿದ್ದಳು.

ಬಂದರು

ಮರುದಿನ ಸಂಜೆ ನನ್ನ ವಿಮಾನ. ಬೆಳಿಗ್ಗೆ ಅಜ್ಜಿ ನನ್ನ ಚೀಲಕ್ಕೆ ಕಪ್ಪು ರೊಟ್ಟಿಯ ಒಂದು ಇಡೀ ಗಡ್ಡೆ ತುರುಕಿದಳು. ನಾನು ಹಿಂಡಿಯ ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದೆ. ನಾನು ಕೇಳದಿದ್ದರೂ ಲೀನಾ ಸಮುದ್ರ ತೋರಿಸಲು ಬಂದರಿಗೆ ಕರೆದುಕೊಂಡು ಹೋದಳು. ಬಿಳಿ ಹಡಗುಗಳು ಸಾಲಾಗಿ ನಿಂತಿದ್ದವು. ಗಾಳಿ ಸೀರೆಯನ್ನು ಪಟಪಟ ಹೊಡೆಯುತ್ತಿತ್ತು. ಆಗ ಡಾಕ್ಟರರ ಫೋನು ಬಂತು.

‘ನೀಲವ್ವಾ, ನಿನ್ನೆ ಸಂಜಿಮುಂದ ಒಬ್ಬಾಕಿ ಬರದಾಳ. ನಿಮ್ಮ ಪರೀಕ್ಷಾದ್ದಲ್ಲ. ನನಗಂತನ ಬರದ ಖರೇ ಪ್ರಶ್ನೆ.’

‘ಏನಂತ್ರಿ?’

‘ಎದ್ಯಾಗ ಗಂಟಾಗೇತಿ, ಯಾರಿಗೂ ತೋರಿಸಿಲ್ಲ, ಅಂಜಿಕಿ ಬರ್ತೈತಿ ಅಂತ. ನನ್ನ ಬೆಂಚಿನ ಮ್ಯಾಲೆ ಎಷ್ಟ ಸಲ ಬಂದು ಕುಂತ ಹೋಗ್ಯಾಳಂತ, ಬಾಯಿ ಬಿಟ್ಟಿಲ್ಲ. ನಾ ಬರದೆ, ನಾಳೆ ಬರ್ರಿ, ಮಂದಿ ಮುಂದ ಕೆಮ್ಮು ಅಂತ ಹೇಳ್ರಿ, ಒಳಗ ಒಬ್ಬರನ ಕರಕೋತೀನಿ ಅಂತ.’

‘ಬಂದಳೇನ್ರಿ?’

‘ಬಂದಿದ್ಲು. ನೋಡೀನಿ. ಹುಬ್ಬಳ್ಳಿಗೆ ಕಳಸೀನಿ, ಅಲ್ಲೇ ನನ್ನ ಗೆಳತಿ ಅದಾಳ. ಇನ್ನೂ ಸಣ್ಣದೈತಿ, ನೀಲವ್ವಾ. ಲಗೂನ ಬಾಯಿ ಬಿಟ್ಟಾಳ. ಆರಾಮ ಆಗ್ತಾಳ.’

ನಾನು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡೆ. ಆಮೇಲೆ ನನ್ನ ಬಾಯಿ ಸುಮ್ಮನಿರಬೇಕಲ್ಲ!

‘ಯಾರ್ರಿ ಆಕಿ? ಯಾವೂರಾಕಿ?’

‘ಹೇಳಂಗಿಲ್ಲ,’ ಎಂದರು ಡಾಕ್ಟರರು.

‘ನನಗೂ ಹೇಳಂಗಿಲ್ಲೇನ್ರಿ?’

‘ನಿನಗಂತೂ ಮೊದಲ ಹೇಳಂಗಿಲ್ಲ.’

ಫೋನು ಇಟ್ಟೆ. ಇಟ್ಟವಳೇ ಲೀನಾಳನ್ನು ಗಟ್ಟಿಯಾಗಿ ತಬ್ಬಿಕೊಂಡೆ. ಗಾಡಿ ಹಾಯುವಷ್ಟು ದೂರ ನಿಲ್ಲುವ ನಾಡಿನ ಹೆಂಗಸು, ಮೊದಲು ಕಟ್ಟಿಗೆಯ ಹಾಗೆ ನಿಂತಳು, ಆಮೇಲೆ ಅವಳ ಕೈಯೂ ನನ್ನ ಬೆನ್ನ ಮೇಲೆ ಬಂತು.

‘ಏನಾಯಿತು?’ ಎಂದಳು.

‘ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಬದುಕುತ್ತಾಳೆ,’ ಎಂದೆ.

‘ಯಾರು?’

‘ಗೊತ್ತಿಲ್ಲ,’ ಎಂದೆ. ಈ ಮಾತನ್ನು ಇಷ್ಟು ಹೆಮ್ಮೆಯಿಂದ ನಾನು ಜನ್ಮದಲ್ಲಿ ಹೇಳಿರಲಿಲ್ಲ.